‘ಈ ವರ್ಷ ಬೇಡ’ ಎನ್ನುವ ಅಧಿಕಾರ ಊರಿಗೆ ಬೇಕು: ಮುಖ್ಯ ಕಾರ್ಯದರ್ಶಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯ ಕಾರ್ಯದರ್ಶಿಯವರೇ,

ಕಾಡಿನ ತಕರಾರು ಏನಿದ್ದರೂ ಅರಣ್ಯ ಸಚಿವರಿಗೆ ಬರೆಯುವುದು ರೂಢಿ. ನಾನು ತಮಗೆ ಬರೆಯುತ್ತಿದ್ದೇನೆ. 2006ರ ಅರಣ್ಯ ಹಕ್ಕು ಕಾಯ್ದೆ ರಾಜ್ಯದಲ್ಲಿ ಹೇಗೆ ನಡೆಯುತ್ತಿದೆ ಎಂದು ನೋಡಬೇಕಾದ ರಾಜ್ಯ ಮಟ್ಟದ ಉಸ್ತುವಾರಿ ಸಮಿತಿಗೆ ತಾವೇ ಅಧ್ಯಕ್ಷರು. ಆ ಕಾಯ್ದೆಯ ಒಂದು ಪುಟ್ಟ ನಿಯಮವನ್ನು ತಮ್ಮ ಮುಂದೆ ಇಡಬೇಕಾಗಿದೆ. ಅದಕ್ಕೆ ಮೊದಲು ಒಂದು ಮರದ ವಿಷಯ ಹೇಳುತ್ತೇನೆ.

ನಮ್ಮದು ಉತ್ತರ ಕನ್ನಡದ ಘಟ್ಟದ ಮೇಲಿನ ಊರು. ಹಿತ್ತಲು ದಾಟಿ ಹಳ್ಳಕ್ಕೆ ಇಳಿಯುವ ದಾರಿಯಲ್ಲಿ ದೊಡ್ಡದೊಂದು ಉಪ್ಪಾಗೆ ಮರ ಇದೆ. ಮೂರು ವರ್ಷದ ಹಿಂದೆ, ಮಳೆ ಹಿಡಿದು ಹದಿನೈದು ದಿನವೂ ಆಗಿರಲಿಲ್ಲ, ಅದರ ಅರ್ಧ ಟೊಂಗೆಗಳು ನೆಲಕ್ಕೆ ಬಿದ್ದಿದ್ದವು. ಕಡಿದ ಜಾಗದಿಂದ ಹಳದಿ ಹಾಲು ಸೋರುತ್ತಿತ್ತು. ಟೊಂಗೆಗಳಲ್ಲಿದ್ದ ಕಾಯಿ ಇನ್ನೂ ಹಸಿರು, ಬಲಿತಿರಲೂ ಇಲ್ಲ. ಕೊಯ್ದವನು ನಮ್ಮ ಕೇರಿಯ ಹುಡುಗನೇ. ಕೇಳಿದೆ, ‘ಹಣ್ಣಾಗಿ ಉದುರೋವರೆಗೆ ಕಾಯಬಾರದಿತ್ತೇನೋ?’ ಅವನು ಮುಖ ತಗ್ಗಿಸಿ ಹೇಳಿದ: ‘ನಾ ಬಿಟ್ರೆ ನಾಳೆ ಬೇರೆ ಊರವ್ರು ಬಂದು ಕೊಯ್ತಾರೆ. ಟೆಂಡರ್ ಆದವ್ರಿಗೆ ಯಾರು ಕೊಟ್ರೂ ಆಗ್ತದೆ.’

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವನನ್ನು ತಡೆಯುವ ಅಧಿಕಾರ ನನಗಿರಲಿಲ್ಲ, ಊರಿಗೂ ಇರಲಿಲ್ಲ. ಕಾಡು ಇಲಾಖೆಯದ್ದು, ಕಾಯಿ ಗುತ್ತಿಗೆದಾರನದ್ದು. ನಮ್ಮದಾಗಿ ಉಳಿದದ್ದು ಮುರಿದ ಟೊಂಗೆ ನೋಡಿ ಹೊಟ್ಟೆ ಉರಿಸಿಕೊಳ್ಳುವುದು ಮಾತ್ರ.

ಹಿಂದೆ ಎಲ್ಲವೂ ಸರಿಯಿತ್ತು ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಉಪ್ಪಾಗೆಗೆ ಆಗ ಬೆಲೆಯೇ ಇರಲಿಲ್ಲ. ಮನೆಯ ಹುಳಿಗೆ, ಬೀಜದ ತುಪ್ಪಕ್ಕೆ ಬೇಕಾದಷ್ಟು ಹೆಕ್ಕಿ ತರುತ್ತಿದ್ದರು, ಅಷ್ಟೇ. ತೊಂಬತ್ತರ ದಶಕದಲ್ಲಿ ಮೈ ಕರಗಿಸುವ ಔಷಧಕ್ಕೆ ಇದರ ಸಿಪ್ಪೆ ಬೇಕೆಂದು ಪರದೇಶದಿಂದ ಬೇಡಿಕೆ ಬಂತು, ಬೆಲೆ ಏರಿತು. ಬೆಲೆ ಏರಿದಾಗ ಹೊಸ ಕಟ್ಟಳೆ ಬೇಕಾಗುತ್ತದೆ. ಇಂಥ ದಿನಕ್ಕಿಂತ ಮೊದಲು ಯಾರೂ ಕೊಯ್ಯಬಾರದು, ಮರ ಹತ್ತಬಾರದು, ಹಕ್ಕಿಗೆ ಮಂಗಕ್ಕೆ ಇಷ್ಟು ಬಿಡಬೇಕು ಎಂದು ಊರು ಕೂತು ಗೊತ್ತುಮಾಡಬೇಕಾಗುತ್ತದೆ. ಕಟ್ಟಳೆ ಅತ್ಯಂತ ಬೇಕಾಗಿದ್ದ ಆ ಹೊತ್ತಿನಲ್ಲಿ ಅದನ್ನು ಮಾಡುವ ಅಧಿಕಾರ ಊರಿನ ಕೈಯಲ್ಲಿ ಇರಲಿಲ್ಲ. ನೂರು ವರ್ಷದ ಹಿಂದೆಯೇ ಅದನ್ನು ಕಿತ್ತುಕೊಂಡಾಗಿತ್ತು.

ನಮ್ಮ ಕಡೆಯ ಸೊಪ್ಪಿನ ಬೆಟ್ಟದ, ಅಂದರೆ ಅಡಿಕೆ ತೋಟದವರ ಬಳಕೆಗೆ ಬಿಟ್ಟ ಕಾಡಿನ ಬಗ್ಗೆ ತಾವು ಕೇಳಿಯೇ ಇರುತ್ತೀರಿ. ಅಡಿಕೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು (ಒಣಗಿದ ಎಲೆ), ದನಕ್ಕೆ ಕರಡ (ಬೆಟ್ಟದ ಹುಲ್ಲು), ಒಲೆಗೆ ಕಟ್ಟಿಗೆ, ಎಲ್ಲವೂ ಬೆಟ್ಟದ್ದೇ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬ ಲೆಕ್ಕ ಬ್ರಿಟಿಷರ ಕಾಲದ ದಾಖಲೆಗಳಲ್ಲಿದೆ. ಆದರೆ ಅದೇ ದಾಖಲೆಗಳಲ್ಲಿ ಇದಕ್ಕೆ ಇಟ್ಟ ಹೆಸರು ‘ಹಕ್ಕು’ ಅಲ್ಲ, ‘ಸವಲತ್ತು’. ಈ ಎರಡು ಪದಗಳ ನಡುವೆ ಎಷ್ಟು ಅಂತರವಿದೆ ಎಂಬುದು ಕಚೇರಿಯ ಮೆಟ್ಟಿಲು ಹತ್ತಿದ ಪ್ರತಿ ರೈತನಿಗೂ ಗೊತ್ತು. ಸವಲತ್ತನ್ನು ಕೊಟ್ಟವನು ವಾಪಸು ತೆಗೆದುಕೊಳ್ಳಬಹುದು, ಹಕ್ಕನ್ನು ಹಾಗೆ ತೆಗೆದುಕೊಳ್ಳಲು ಬರುವುದಿಲ್ಲ.

ಆ ಪದ ಯಾರೋ ಗುಮಾಸ್ತನ ಕೈತಪ್ಪಿನಿಂದ ಬಂದದ್ದಲ್ಲ. 1878ರ ಅರಣ್ಯ ಕಾಯ್ದೆ ಬರುವ ಮುಂಚೆ ಬ್ರಿಟಿಷ್ ಅಧಿಕಾರಿಗಳ ನಡುವೆಯೇ ಈ ಬಗ್ಗೆ ಜಗಳ ನಡೆದಿತ್ತು. ಸರ್ಕಾರ ಬರೆದು ಕೊಟ್ಟಿಲ್ಲದ ಯಾವ ಬಳಕೆಯೂ ಹಕ್ಕಲ್ಲ, ಜನ ತಲೆತಲಾಂತರದಿಂದ ಬಳಸಿದ್ದರೂ ಅದು ದೊರೆಯ ಔದಾರ್ಯ ಮಾತ್ರ ಎಂದು ಬೇಡನ್-ಪೊವೆಲ್ ವಾದಿಸಿದ. ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥ ಬ್ರಾಂಡಿಸ್‌ಗೆ ಅದು ಪೂರ್ತಿ ಒಪ್ಪಿಗೆ ಇರಲಿಲ್ಲ, ಹಳ್ಳಿಗಳಿಗೆ ತಮ್ಮದೇ ಕಾಡು ಉಳಿಯಬೇಕು ಎಂಬ ಕಡೆಗೆ ಅವನು ವಾಲಿದ್ದ. ಮದರಾಸಿನ ಕಂದಾಯ ಮಂಡಳಿಯಂತೂ, ಯಾವುದಾದರೂ ಹಳ್ಳಿಯ ಎಲ್ಲೆಯೊಳಗೆ ಸೇರದ ಕಾಡು ತಮ್ಮ ಪ್ರಾಂತ್ಯದಲ್ಲಿ ಇಲ್ಲವೆನ್ನುವಷ್ಟು ವಿರಳ ಎಂದು ಬರೆಯಿತು. ಗೆದ್ದದ್ದು ಬೇಡನ್-ಪೊವೆಲ್‌ನ ವಾದ. ಇಂದಿಗೂ ನಮ್ಮ ಕಡತಗಳಲ್ಲಿ ಉಸಿರಾಡುತ್ತಿರುವುದು ಅದೇ.

ಒಂದೇ ಕೆನರಾ ಜಿಲ್ಲೆಯನ್ನು ಎರಡು ಮಾಡಿ, 1862ರಲ್ಲಿ ಉತ್ತರದ ತುಂಡನ್ನು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಅಲ್ಲಿಂದ ಉತ್ತರದಲ್ಲಿ ಅದು ಸೊಪ್ಪಿನ ಬೆಟ್ಟ, ದಕ್ಷಿಣದಲ್ಲಿ ಸಾಗುವಳಿ ಜಮೀನಿನಿಂದ 100 ಗಜದವರೆಗಿನ ಕುಮ್ಕಿ. ಮೈಸೂರು ಸೀಮೆಯ ಸೊರಬದಲ್ಲಿ ಮೆಣಸು, ಬಗನಿ ಮರ ಬೆಳೆಯುವ ಕಾನು ಎಂಬ ಕಾಡು. ಕೊಡಗಿನಲ್ಲಿ ಗದ್ದೆಗೆ ಸೇರಿದ ಬಾಣೆ, ದೇವರಕಾಡು. ಜನ ಕಾಡನ್ನು ಬಳಸಿದ ರೀತಿ ಹೆಚ್ಚುಕಡಿಮೆ ಒಂದೇ, ಅದನ್ನು ಆಳಿದ ಕಾನೂನು ಮಾತ್ರ ಬೇರೆ ಬೇರೆ. 1956ರಲ್ಲಿ ಒಂದು ರಾಜ್ಯವಾದೆವು, 1963ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆ ಬಂತು. ಈ ಎಲ್ಲ ಕಟ್ಟುಪಾಡುಗಳಲ್ಲಿ ಒಳ್ಳೆಯದನ್ನು ಆರಿಸಿ ಒಂದು ಹಕ್ಕಾಗಿ ಕಟ್ಟಿಕೊಡುವ ಅವಕಾಶ ಆಗ ಇತ್ತು. ಆ ಕೆಲಸ ಆಗಲಿಲ್ಲ.

ಕುಮಟಾದ ಹಳಕಾರ ಗ್ರಾಮವನ್ನು ಇಲ್ಲಿ ನೆನಪಿಸಲೇಬೇಕು. 1920ರ ದಶಕದಲ್ಲಿ ಮುಂಬೈ ಸರ್ಕಾರ ಊರ ಹತ್ತಿರದ ಕಾಡನ್ನು ಅಲ್ಲಿಯ ಗ್ರಾಮ ಅರಣ್ಯ ಪಂಚಾಯಿತಿಗೆ ವಹಿಸಿತ್ತು. ಊರವರೇ ಕಾವಲುಗಾರನನ್ನು ಇಟ್ಟುಕೊಂಡು ಕಾಡು ಕಾದರು. ಅರ್ಧ ಶತಮಾನ ಕಳೆದ ಮೇಲೆ ಇಂಥ ಪಂಚಾಯಿತಿಗಳನ್ನು ರದ್ದು ಮಾಡುವ ಆದೇಶ ಬಂತು, ಹಳಕಾರದವರು ನ್ಯಾಯಾಲಯಕ್ಕೆ ಹೋದರು. ಪೇಟೆಗೆ ತಾಗಿಕೊಂಡ ಊರಿನ ಜನ ತಮ್ಮ ಕಾಡನ್ನು ಉಳಿಸಿಕೊಳ್ಳಲು ತಮ್ಮದೇ ಸರ್ಕಾರದ ವಿರುದ್ಧ ದಾವೆ ಹೂಡಬೇಕಾಯಿತು ಎಂಬುದನ್ನು ತಾವು ಒಂದು ನಿಮಿಷ ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಊರ ಕಟ್ಟಳೆ ಎಂದರೇನು ಎಂದು ಕೇಳಿದರೆ ಹೊರಗಿನವರು ಸಾಮಾನ್ಯವಾಗಿ ಹಾಡು, ಹರಕೆ, ದೇವರ ಭಯ ಎನ್ನುತ್ತಾರೆ. ಅದೂ ಇದೆ. ಚೌಡಿ ಕಲ್ಲಿನ ಸುತ್ತ ನಮ್ಮಲ್ಲಿ ಒಂದು ಎಲೆಯನ್ನೂ ಚಿವುಟುವುದಿಲ್ಲ. ಆದರೆ ಕಟ್ಟಳೆಯ ತಿರುಳು ಬೇರೆ. ಒಬ್ಬ ನೆರೆಯವನು ಇನ್ನೊಬ್ಬನಿಗೆ ‘ಈ ವರ್ಷ ಇಲ್ಲಿ ಬೇಡ’ ಎಂದು ಹೇಳಬಹುದಾಗಿತ್ತು, ಹೇಳಿಸಿಕೊಂಡವನು ಕೇಳಬೇಕಾಗಿತ್ತು. ಸೊಪ್ಪು ಕಡಿಯುವಾಗ ಮರದ ತುದಿ ಮುಟ್ಟಬಾರದು, ಈ ಸಲ ಸವರಿದ ಕಡೆ ಮುಂದಿನ ಸಲ ಕತ್ತಿ ತಾಗಿಸಬಾರದು, ಹಳ್ಳದ ತಲೆಯಲ್ಲಿ ಮರ ಬೀಳಿಸಬಾರದು. ಮೀರಿದವನಿಗೆ ದಂಡ ದೊಡ್ಡದಿರಲಿಲ್ಲ, ಊರ ಸಭೆಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕಿತ್ತು. ಅದೇ ಸಾಕಾಗುತ್ತಿತ್ತು.

ಈ ‘ಬೇಡ’ ಎನ್ನುವ ಮಾತನ್ನು ಇಲಾಖೆ ತನ್ನ ಕೈಗೆ ತೆಗೆದುಕೊಂಡಿತು. ಹತ್ತಾರು ಹಳ್ಳಿಗಳ ಕಾಡಿಗೆ ಒಬ್ಬ ಗಾರ್ಡ್. ಅವನು ಎಷ್ಟೇ ಪ್ರಾಮಾಣಿಕನಾದರೂ ಎಲ್ಲ ಕಡೆ ಇರಲಾರ. ಊರವರಿಗೋ, ಕಾಡು ತಮ್ಮದಲ್ಲ ಎಂದ ಮೇಲೆ ಕಾಯುವ ಉಸಾಬರಿ ಏಕೆ ಎನ್ನಿಸಿತು. ನಮ್ಮ ತಂದೆಯ ಕಾಲದಲ್ಲಿ ಕಳ್ಳನಾಟಾದ ಲಾರಿ ಬಂದರೆ ಊರೇ ಅಡ್ಡ ನಿಲ್ಲುತ್ತಿತ್ತಂತೆ. ಈಗ ಕಿಟಕಿ ಮುಚ್ಚುತ್ತಾರೆ. ಇದನ್ನು ನಾನು ಬೇರೆಯವರ ಮೇಲಿನ ದೂರಾಗಿ ಬರೆಯುತ್ತಿಲ್ಲ, ನಮ್ಮ ಮನೆಯ ಕಿಟಕಿಯೂ ಮುಚ್ಚಿದೆ.

ಆದರೂ ಆ ಮಾತು ಪೂರ್ತಿ ಸತ್ತಿಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡರಲ್ಲ, ಆಗ ಮರ ಕಡಿಸುತ್ತಿದ್ದುದು ಇಲಾಖೆ, ‘ಬೇಡ’ ಎಂದದ್ದು ಹಳ್ಳಿ. ಅಪ್ಪಿಕೋವನ್ನು ಪರಿಸರ ಚಳವಳಿ ಎಂದು ಪಠ್ಯದಲ್ಲಿ ಓದಿಸುತ್ತೇವೆ. ಊರು ತನ್ನ ಹಳೆಯ ಅಧಿಕಾರವನ್ನು ಒಂದು ದಿನದ ಮಟ್ಟಿಗಾದರೂ ವಾಪಸು ಪಡೆದ ಘಟನೆ ಅದು ಎಂದೂ ಓದಿಸಬೇಕಿತ್ತು.

1990ರ ದಶಕದಲ್ಲಿ ಇಲಾಖೆಯೂ ಊರೂ ಕೂಡಿ ಕಾಡು ನೋಡಿಕೊಳ್ಳುವ ಗ್ರಾಮ ಅರಣ್ಯ ಸಮಿತಿಗಳು ಬಂದವು. ಆಸೆ ಹುಟ್ಟಿತ್ತು. ಆದರೆ ಕಾರ್ಯದರ್ಶಿ ಫಾರೆಸ್ಟರ್, ಖಾತೆ ಜಂಟಿ, ಯೋಜನೆ ಇಲಾಖೆಯದು, ನೆಟ್ಟ ಗಿಡ ಬಹುಪಾಲು ಅಕೇಶಿಯಾ. ಅಕೇಶಿಯಾದ ಕೆಳಗೆ ದನಕ್ಕೆ ಹುಲ್ಲಿಲ್ಲ, ಕೊಟ್ಟಿಗೆಗೆ ಆಗುವ ದರಕೂ ಇಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಈಗ 2006ರ ಕಾಯ್ದೆಗೆ ಬರುತ್ತೇನೆ. ಇದನ್ನು ಮೊದಲ ಸಲ ಪೂರ್ತಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ‘ಸವಲತ್ತು’ ಎಂಬ ಪದವನ್ನು ಪಕ್ಕಕ್ಕೆ ಸರಿಸಿ ‘ಹಕ್ಕು’ ಎಂದು ಬರೆದ ಕಾಯ್ದೆ ಇದು. ಊರಿನ ಸಾಂಪ್ರದಾಯಿಕ ಎಲ್ಲೆಯೊಳಗಿನ ಕಾಡಿಗೆ ‘ಸಮುದಾಯ ಅರಣ್ಯ ಸಂಪನ್ಮೂಲ’ ಎಂದು ಹೆಸರಿಟ್ಟು, ಅದನ್ನು ರಕ್ಷಿಸುವ, ಮರುಹುಟ್ಟಿಸುವ, ನಿರ್ವಹಿಸುವ ಹಕ್ಕನ್ನು 3(1)(ಐ) ಕಲಂ ಒಪ್ಪುತ್ತದೆ. 5ನೇ ಕಲಂ ಗ್ರಾಮಸಭೆಗೆ ಕಾಡಿನ ಬಳಕೆಗೆ ಕಟ್ಟು ಹಾಕುವ, ಕಾಡಿಗೆ ಕೇಡು ಮಾಡುವುದನ್ನು ನಿಲ್ಲಿಸುವ ಅಧಿಕಾರ ಕೊಡುತ್ತದೆ. ಅಂದರೆ ಆ ಉಪ್ಪಾಗೆ ಮರದ ಕೆಳಗೆ ನಿಂತು ‘ಬೇಡ’ ಎನ್ನುವ ಅಧಿಕಾರ. 2012ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ಕಿರು ಅರಣ್ಯ ಉತ್ಪನ್ನ ಸಾಗಿಸುವ ಪರವಾನಗಿಯನ್ನೂ ಗ್ರಾಮಸಭೆಯ ಸಮಿತಿಯೇ ಕೊಡಬಹುದು.

ಇದು ಕಾಗದದ ಮೇಲಿನ ಕನಸು ಎನ್ನುವವರಿಗೆ ಮಹಾರಾಷ್ಟ್ರದ ಗಡಚಿರೋಲಿಯ ಮೇಂಢಾ-ಲೇಖಾ ಇದೆ. 2009ರಲ್ಲಿ ಹಕ್ಕುಪತ್ರ ಪಡೆದ ಆ ಊರಿಗೆ 2011ರಲ್ಲಿ ತನ್ನ ಬಿದಿರನ್ನು ತಾನೇ ಮಾರುವ ಪರವಾನಗಿ ಪುಸ್ತಕ ಕೈಸೇರಿತು. ಒಡಿಶಾದ ನಿಯಮಗಿರಿಯಲ್ಲಿ 2013ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ 12 ಗ್ರಾಮಸಭೆಗಳು ಕೂತು, ಹನ್ನೆರಡೂ ಗಣಿ ಬೇಡ ಎಂದವು. ನಮ್ಮ ರಾಜ್ಯದಲ್ಲೇ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಪೋಡು ಎಂಬ ಊರುಗಳಿಗೆ 2011ರಲ್ಲಿ, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ, ಸಮುದಾಯ ಹಕ್ಕು ಸಿಕ್ಕಿತು. ಸೋಲಿಗರ ಒಂದು ಮಾತನ್ನು ಅಧಿಕಾರಿಗಳು ಇನ್ನೂ ಹೆಚ್ಚು ಗಮನ ಕೊಟ್ಟು ಕೇಳಬೇಕಿತ್ತು. ಬೇಸಿಗೆಯ ಮೊದಲಿಗೇ ಹಾಕುತ್ತಿದ್ದ ತರಗು ಬೆಂಕಿ (ನೆಲದ ಒಣ ಎಲೆ ಸುಡುವ ಸಣ್ಣ ಬೆಂಕಿ) ನಿಂತ ಮೇಲೆ ಲಂಟಾನ ಕಳೆ ಕಾಡು ತುಂಬಿತು, ನೆಲ್ಲಿ ಮರಕ್ಕೆ ಉಪ್ಪಿಲು ಎಂಬ ಪರಾವಲಂಬಿ ಗಿಡ ಹತ್ತಿತು ಎನ್ನುತ್ತಾರೆ ಅವರು. ಬೆಂಕಿ ಎಂದರೆ ಅಪರಾಧ ಎಂದಷ್ಟೇ ತಿಳಿದ ಕಾನೂನಿಗೆ, ಯಾವ ತಿಂಗಳ ಬೆಂಕಿ, ಎಷ್ಟು ಎತ್ತರದ ಬೆಂಕಿ ಎಂಬ ಪ್ರಶ್ನೆಯೇ ಇಲ್ಲ.

ಈ ಕಾಯ್ದೆಯಡಿ ನಮ್ಮೂರಿನಿಂದಲೂ ಅರ್ಜಿ ಹಾಕಲು ಹೊರಟೆವು. ನಕ್ಷೆ ಮಾಡಲು ಎಲ್ಲೆ ನಡೆಯಬೇಕಿತ್ತು. ನಾಲ್ವರು ಹಿರಿಯರು, ಆರೇಳು ಹುಡುಗರು, ಮೊಬೈಲಿನಲ್ಲಿ ಜಿಪಿಎಸ್. ಮೂರು ದಿನ ನಡೆದೆವು. ಎಂಬತ್ತು ದಾಟಿದ ಅಜ್ಜ ಒಬ್ಬರು ಕೋಲೂರಿಕೊಂಡು ಮುಂದೆ ಹೋಗುತ್ತಿದ್ದರು. ಜಟಕನ ಕಟ್ಟೆ, ಎರಡು ಹಳ್ಳ ಕೂಡುವ ಜಾಗ, ಹಳೇ ಕುಮರಿಯ ದಿಣ್ಣೆ, ಸಿಡಿಲು ಹೊಡೆದ ಹೊನ್ನೆ ಮರ. ಮರ ಈಗಿಲ್ಲ, ಅದರ ಬೊಡ್ಡೆಯ ಗುಂಡಿ ಇದೆ. ಅಜ್ಜ ಆ ಗುಂಡಿಯೊಳಗೆ ಕೋಲು ಇಳಿಸಿ, ‘ಹಾಂ, ಇಲ್ಲೇ’ ಎಂದರು. ಹುಡುಗರು ಆ ಬಿಂದುವನ್ನು ಗುರುತು ಮಾಡಿಕೊಂಡರು.

ಎರಡನೆಯ ದಿನ ಪಕ್ಕದ ಊರವರು ಎದುರಾದರು. ಒಂದು ಕಣಿವೆ ತಮ್ಮದು ಎಂದರು. ನಾವು ನಮ್ಮದು ಎಂದೆವು. ಮಾತು ಬಿಸಿಯಾಯಿತು. ಕೊನೆಗೆ ಎರಡೂ ಕಡೆಯ ಹಿರಿಯರು ಒಂದು ಬಂಡೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡು ಮಾತಾಡಿದ ಮೇಲೆ ತಿಳಿದದ್ದು, ಅದು ಇಬ್ಬರದ್ದೂ ಹೌದು. ಶಿವರಾತ್ರಿಯವರೆಗೆ ಅವರು ಕರಡ ಕೊಯ್ಯುತ್ತಿದ್ದರು, ಆಮೇಲೆ ನಮ್ಮ ದನ ಮೇಯುತ್ತಿದ್ದವು. ನಕ್ಷೆಯ ಒಂದು ಗೆರೆಯಲ್ಲಿ ಇದನ್ನು ಹೇಗೆ ಬರೆಯುವುದು? ಕಾಯ್ದೆಯ ನಿಯಮದಲ್ಲಿ ಇದಕ್ಕೆ ದಾರಿ ಇದೆ: ಎರಡು ಊರಿನ ಗ್ರಾಮಸಭೆಗಳು ಆರಿಸಿದ ಅರಣ್ಯ ಹಕ್ಕು ಸಮಿತಿಗಳು ಕೂಡಿ ಕೂತು ತೀರ್ಮಾನಿಸಬೇಕು. ಕೂತೆವು, ಬರೆದೆವು, ಎರಡೂ ಕಡೆ ಸಹಿ ಹಾಕಿದೆವು.

ಅರ್ಜಿ ಹಿಡಿದು ಹೋದ ಕಚೇರಿಯಲ್ಲಿ ಅದನ್ನು ತಿರುವಿ ನೋಡಿದವರು ಕೇಳಿದ್ದು ಎರಡೇ: ‘ಸರ್ವೆ ನಂಬರ್ ಎಲ್ಲಿ? 75 ವರ್ಷದ ದಾಖಲೆ ಎಲ್ಲಿ?’ ಅಜ್ಜನ ಹೇಳಿಕೆ ತೋರಿಸಿದರೆ ‘ಇದು ದಾಖಲೆ ಅಲ್ಲ’ ಎಂದರು. 13ನೇ ನಿಯಮದಲ್ಲಿ ಹಿರಿಯರ ಹೇಳಿಕೆಯೂ ಸಾಕ್ಷ್ಯ, ದೇವರ ಬನ, ಕೆರೆ, ಸುಡುಗಾಡು, ಹಳೆಯ ಬಾವಿ, ದನ ಮೇಯುವ ಜಾಗ ಇವೂ ಸಾಕ್ಷ್ಯ. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಗೆ 75 ವರ್ಷ ಎಂಬುದು ಆ ಪ್ರದೇಶದಲ್ಲಿ ನೆಲೆಸಿದ್ದಕ್ಕೆ ಸಂಬಂಧಿಸಿದ ಮಾತು. ಒಂದು ನಿರ್ದಿಷ್ಟ ತುಂಡು ನೆಲವನ್ನು ಅಷ್ಟು ವರ್ಷ ಹಿಡಿದಿರಬೇಕು ಎಂದು ಕಾಯ್ದೆ ಹೇಳುವುದಿಲ್ಲ, ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯವೇ ಇದನ್ನು ಸ್ಪಷ್ಟಪಡಿಸಿದೆ. ಇಷ್ಟೆಲ್ಲ ಹೇಳಿದರೆ ‘ಮೇಲಿನಿಂದ ಬರೆಸಿಕೊಂಡು ಬನ್ನಿ’ ಎಂದರು. ಆ ‘ಮೇಲಿನಿಂದ’ ಎಂಬುದು ಯಾರು ಎಂದು ಹುಡುಕುತ್ತ ಹೋಗಿ ತಮ್ಮ ಬಾಗಿಲಿಗೆ ಬಂದಿದ್ದೇನೆ.

ಒಂದು ವಿಷಯವನ್ನು ಮುಚ್ಚಿಟ್ಟರೆ ಈ ಪತ್ರ ಅಪ್ರಾಮಾಣಿಕವಾಗುತ್ತದೆ. ನಮ್ಮ ಹಳೆಯ ಕಟ್ಟಳೆ ನ್ಯಾಯವಾಗಿರಲಿಲ್ಲ. ಬೆಟ್ಟ ಇದ್ದದ್ದು ತೋಟ ಇದ್ದವರಿಗೆ. ತೋಟದಲ್ಲಿ ದುಡಿದವರಿಗೆ, ಸೊಪ್ಪು ಹೊತ್ತವರಿಗೆ ಬೆಟ್ಟವಿರಲಿಲ್ಲ. ಒಡೆಯನ ಕಣ್ಣು ತಪ್ಪಿಸಿ ಒಂದು ಹೊರೆ ಕಟ್ಟಿಗೆ ತರಬೇಕಿತ್ತು. ದರಕು ಗುಡಿಸಿ ಕಲ್ಲಿ ತುಂಬಿ ತಲೆಯ ಮೇಲೆ ಹೊತ್ತವರು ಹೆಂಗಸರು, ಊರ ಸಭೆಯಲ್ಲಿ ಕೂತವರು ಗಂಡಸರು. ನಾನು ತೋಟ ಇರುವ ಮನೆಯವನೇ ಆದ್ದರಿಂದ ಇದನ್ನು ನಾನೇ ಬರೆಯಬೇಕು. ಸಂಪ್ರದಾಯವನ್ನು ಹಾಗೆಯೇ ಎತ್ತಿ ಕಾನೂನಿನ ಪೀಠದ ಮೇಲೆ ಕೂರಿಸಿ ಎಂದು ನಾನು ಕೇಳುತ್ತಿಲ್ಲ. ಈ ಕಾಯ್ದೆ ನನಗೆ ಹಿಡಿಸಿದ್ದೇ ಇಲ್ಲಿ. ಎಲ್ಲೆಯನ್ನು ಅದು ರೂಢಿಯಿಂದ ತೆಗೆದುಕೊಳ್ಳುತ್ತದೆ, ಆ ಎಲ್ಲೆಯೊಳಗೆ ಮಾತಾಡುವ ಅಧಿಕಾರವನ್ನು ಮಾತ್ರ ಊರಿನ ಪ್ರತಿಯೊಬ್ಬ ವಯಸ್ಕನಿಗೂ ವಯಸ್ಕಳಿಗೂ ಹಂಚುತ್ತದೆ. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಇರಲೇಬೇಕು. ನಮ್ಮ ಸಮಿತಿಯ ಮೊದಲ ಸಭೆಯಲ್ಲಿ ಕೂಲಿ ಕೇರಿಯ ಹೆಂಗಸೊಬ್ಬರು ಎದ್ದು, ‘ಕಟ್ಟಿಗೆಗೆ ಯಾವ ಕಡೆ ಹೋಗಬಹುದು ಅಂತ ಮೊದಲು ಬರೀರಿ, ಆಮೇಲೆ ನಿಮ್ಮ ಸೊಪ್ಪಿನ ಮಾತು’ ಎಂದರು. ಕೆಲವರಿಗೆ ಮುಜುಗರವಾಯಿತು. ಬರೆದೆವು. ಅದು ಈಗ ನಮ್ಮ ಕರಡು ನಿಯಮಗಳಲ್ಲಿ ಮೊದಲನೆಯದು.

ಕಾಡು ಊರಿನ ಕೈಗೆ ಹೋದರೆ ಹಾಳಾಗುತ್ತದೆ, ಅತಿಕ್ರಮಣ ಹೆಚ್ಚುತ್ತದೆ ಎಂಬ ಅಂಜಿಕೆ ಅಧಿಕಾರಿಗಳಲ್ಲಿ ಇದೆ. ಅದನ್ನು ಸುಳ್ಳು ಎನ್ನಲಾರೆ. ದೇವರಕಾಡುಗಳು ಕೊಡಗಿನಲ್ಲಿಯೇ ಎಷ್ಟು ಕರಗಿವೆ ಎಂದು ಎಲ್ಲರಿಗೂ ಗೊತ್ತು, ಸೊಪ್ಪಿನ ಬೆಟ್ಟವನ್ನು ಬೋಳಿಸಿ ತೋಟ ಏರಿಸಿದವರು ನಮ್ಮಲ್ಲೂ ಇದ್ದಾರೆ. ಆದರೆ ಸಮುದಾಯದ ಹಕ್ಕುಪತ್ರ ಯಾರಿಗೂ ತುಂಡು ನೆಲ ಕೊಡುವುದಿಲ್ಲ, ಅದನ್ನು ಮಾರಲು ಬರುವುದಿಲ್ಲ, ಭಾಗ ಮಾಡಲೂ ಬರುವುದಿಲ್ಲ. ಬೇಲಿಯನ್ನು ಒಳಕ್ಕೆ ತಳ್ಳುವವನನ್ನು ಮೊದಲು ಕಾಣುವುದು ಅವನ ಪಕ್ಕದ ಮನೆಯವನು. ಅವನ ಬಾಯಿಗೆ ಬಲ ಬರಬೇಕು.

ಇಷ್ಟು ಹೇಳಿದ ಮೇಲೆ ಆ ಪುಟ್ಟ ನಿಯಮ. 2012ರ ತಿದ್ದುಪಡಿಯ 12ಬಿ ನಿಯಮದ ಪ್ರಕಾರ, ಅರಣ್ಯವಾಸಿಗಳಿರುವ ಎಲ್ಲ ಗ್ರಾಮಗಳಲ್ಲಿ ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕನ್ನು ಮಾನ್ಯ ಮಾಡಿ ಹಕ್ಕುಪತ್ರ ಕೊಡುವಂತೆ ನೋಡಿಕೊಳ್ಳುವುದು ಜಿಲ್ಲಾ ಮಟ್ಟದ ಸಮಿತಿಯ ಹೊಣೆ. ಯಾವುದಾದರೂ ಗ್ರಾಮದಲ್ಲಿ ಅದು ಆಗದಿದ್ದರೆ ಏಕೆ ಆಗಲಿಲ್ಲ ಎಂಬ ಕಾರಣವನ್ನು ಆ ಸಮಿತಿಯ ಕಾರ್ಯದರ್ಶಿ ದಾಖಲಿಸಬೇಕು. ಇಲ್ಲಿ ಹೊಣೆಯ ದಿಕ್ಕನ್ನು ತಾವು ಗಮನಿಸಬೇಕು. ಊರು ತನ್ನ ಹಕ್ಕನ್ನು ಸಾಬೀತು ಮಾಡುತ್ತ ಅಲೆಯಲಿ ಎಂದು ನಿಯಮ ಹೇಳುತ್ತಿಲ್ಲ. ಕೊಡದಿದ್ದರೆ ಸರ್ಕಾರವೇ ಕಾರಣ ಬರೆದಿಡಲಿ ಎನ್ನುತ್ತಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ತಮ್ಮ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು ಎಂದು ನಿಯಮವಿದೆ. ಮುಂದಿನ ಸಭೆಗೆ ಮಲೆನಾಡು ಮತ್ತು ಕರಾವಳಿಯ ಪ್ರತಿ ಜಿಲ್ಲೆಯಿಂದ, ಚಾಮರಾಜನಗರ, ಮೈಸೂರು, ಕೊಡಗಿನಿಂದ ಆ ಕಾರಣಗಳ ಪಟ್ಟಿಯನ್ನು ತರಿಸಿ. ಗ್ರಾಮವಾರು ಇರಲಿ. ಅದನ್ನು ಕನ್ನಡದಲ್ಲಿ, ಎಲ್ಲರೂ ಓದುವಂತೆ ಪ್ರಕಟಿಸಿ. ಕಾರಣ ಬರೆದಿಲ್ಲದ ಕಡೆ ಬರೆಯಲು ಹೇಳಿ. ಗ್ರಾಮಸಭೆ ಎಂದರೆ ಹತ್ತು ಹಳ್ಳಿ ಸೇರಿದ ಪಂಚಾಯಿತಿಯ ಸಭೆಯಲ್ಲ, ಕಾಡು ಬಳಸುವ ಆಯಾ ಊರು, ಮಜರೆ, ಪೋಡು, ಹಾಡಿಯ ಸಭೆ ಎಂದು ಸುತ್ತೋಲೆ ಹೊರಡಿಸಿ. ಹಕ್ಕಿನ ತೀರ್ಮಾನ ಬಾಕಿ ಇರುವ ಕಾಡಿನಲ್ಲಿ ಉಪ್ಪಾಗೆ, ಮುರುಗಲು, ಜೇನು, ಸೀಗೆಯ ಟೆಂಡರ್ ಕರೆಯುವ ಮುನ್ನ ಆ ಊರಿನ ಸಭೆಯ ಒಪ್ಪಿಗೆ ಕೇಳುವ ವ್ಯವಸ್ಥೆ ಮಾಡಿ. ಹಿರಿಯರ ಹೇಳಿಕೆಯನ್ನು ‘ದಾಖಲೆ ಅಲ್ಲ’ ಎಂದು ತಳ್ಳುವುದು ನಿಯಮದ ಉಲ್ಲಂಘನೆ ಎಂದು ಕೆಳಗಿನವರಿಗೆ ಒಂದು ಸಾಲಿನಲ್ಲಿ ತಿಳಿಸಿದರೂ ಸಾಕು. ಆ ಒಂದು ಸಾಲಿಗಾಗಿ ಎಷ್ಟು ಊರುಗಳು ಕಾದಿವೆಯೋ.

ನಮ್ಮೊಡನೆ ಎಲ್ಲೆ ನಡೆದ ನಾಲ್ವರು ಹಿರಿಯರಲ್ಲಿ ಇಬ್ಬರು ಈಗ ಇಲ್ಲ. ಹೊನ್ನೆ ಮರದ ಗುಂಡಿ ತೋರಿಸಿದ ಅಜ್ಜ ಕಳೆದ ಮಳೆಗಾಲದಲ್ಲಿ ಹೋದರು. ಅವರ ಹೇಳಿಕೆ, ಹೆಬ್ಬೆಟ್ಟಿನ ಗುರುತಿನ ಸಮೇತ, ನಮ್ಮ ಅರ್ಜಿಯ ಹನ್ನೊಂದನೆಯ ಪುಟದಲ್ಲಿದೆ. ಅರ್ಜಿಯ ಒಂದು ಪ್ರತಿಯನ್ನು ಈ ಪತ್ರದೊಂದಿಗೆ ತಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಮಳೆ ಹಿಡಿಯುವ ಮುಂಚೆ, ಉಪ್ಪಾಗೆ ಕಾಯಿ ಕಟ್ಟುವ ಮುಂಚೆ ಉತ್ತರ ಬಂದರೆ ಈ ವರ್ಷದ ಕೊಯ್ಲಿನ ದಿನ ಗೊತ್ತುಮಾಡಲು ನಮ್ಮ ಗ್ರಾಮಸಭೆ ಸೇರಬಹುದು.

ಇಂತಿ,
ಘಟ್ಟದ ಮೇಲಿನ ಒಂದು ಊರಿನ ಅರಣ್ಯ ಹಕ್ಕು ಸಮಿತಿಯ ಸದಸ್ಯ